ಮೊದಲ ಸಹಿ

ಗುಂಡಿ ತೋಡಲು ಬೆಳಿಗ್ಗೆಯೇ ಹೋಗಿದ್ದ ನಾಲ್ವರೂ ಹಾರೆ, ಗುದ್ದಲಿಗಳನ್ನು ಹೆಗಲ ಮೇಲಿಟ್ಟುಕೊಂಡು ಹೋದ ಹಾಗೆಯೇ ಹಿಂದಿರುಗಿದರು. ಅವರ ಕಾಲಿಗೆ ಮಣ್ಣು ಮೆತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದವಳು ಚಿಕ್ಕಮಲ್ಲಮ್ಮ.

ಅವಳು ಜಗಲಿಯ ಮೇಲೆ ಗಂಡನ ಪಕ್ಕದಲ್ಲಿ ಕೂತಿದ್ದಳು. ದೊಡ್ಡಮಲ್ಲಪ್ಪನನ್ನು ಮೀಯಿಸಿ, ಬಿಳಿ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ವಾಲದಿರಲೆಂದು ಗದ್ದದಡಿಯಿಂದ ಬಟ್ಟೆ ಕಟ್ಟಿದ್ದರು. ನಿನ್ನೆ ಮಧ್ಯಾಹ್ನ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತಿದ್ದ. ಚಾಮರಾಜನಗರದ ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಮುಗಿದಿತ್ತು.

"ಯಾಕಣ್ಣ, ಆಗ್ಲೇ ಬಂದ್ಬುಟ್ರಿ?" ಎಂದಳು.

ಪುಟ್ಟಬಸಪ್ಪ ಗುದ್ದಲಿಯನ್ನು ಅಂಗಳದ ಮೂಲೆಗೆ ಒರಗಿಸಿದ. ದೊಡ್ಡಮಲ್ಲಪ್ಪನ ಓರಗೆಯವನು, ಪಕ್ಕದ ಹೊಲದವನು.

"ಗೇಟಲ್ಲಿ ಬುಡ್ಲಿಲ್ಲ ಕಣವ್ವ. ಕಂಪ್ನಿ ಆಪೀಸಿಂದ ಲೆಟ್ರು ತಂದ್ರೆ ಒಳಕ್ ಬುಡ್ತೀನಿ ಅಂತಾನೆ ಆ ಸೆಕ್ಯೂರಿಟಿ."

"ನಮ್ಮೊಲಕ್ಕೆ ಓಗಕ್ಕಾ?"

ಮಾದಲಪುರದ ಮೂಡಲಿಗೆ ಅವರ ಎರಡೂವರೆ ಎಕರೆ. ಅದರ ಮೂಲೆಯ ಹೊಂಗೆಮರದ ಕೆಳಗೆ ದೊಡ್ಡಮಲ್ಲಪ್ಪನ ಅಪ್ಪ, ಅವ್ವ ಇಬ್ಬರ ಸಮಾಧಿ. ಹೋದ ವರ್ಷ ಆ ಹೊಲವನ್ನೂ ಸುತ್ತಲಿನ ನಲವತ್ತು ಎಕರೆಯನ್ನೂ ಸೇರಿಸಿ ತಂತಿಬೇಲಿ ಎಳೆದಿದ್ದರು. ಅರಿಸಿನ, ಬಾಳೆ ಬೆಳೆಯುತ್ತಿದ್ದ ಕಡೆ ಈಗ 'ಖನಿಜ ಅನ್ವೇಷಣಾ ಪ್ರದೇಶ' ಎಂಬ ನೀಲಿ ಫಲಕವಿತ್ತು.

"ಊರ ರುದ್ರಭೂಮಿ ಅದಲ್ಲ, ಅಲ್ಲಿಗೇ ಓಗನ," ಎಂದ ಇನ್ನೊಬ್ಬ.

"ಅವ್ರು ಅವರವ್ವನ ಪಕ್ಕಕ್ಕೇ ಅಂದಿದ್ರು," ಎಂದಳು ಚಿಕ್ಕಮಲ್ಲಮ್ಮ.

ಹಿಂದೆ ನಿಂತಿದ್ದವರಲ್ಲಿ ಯಾರೋ, ಕೇಳಿಸಲಿ ಎಂಬಂತೆಯೇ, "ಆ ಬೇಲಿ ಆಕುಸ್ದೋರು ಯಾರು ಮತ್ತೆ?" ಎಂದರು.

ಮಗಳು ಶಿವರಂಜಿನಿ ತಟ್ಟನೆ ತಲೆಯೆತ್ತಿದಳು. ಚಿಕ್ಕಮಲ್ಲಮ್ಮ ಅವಳ ಮುಂಗೈ ಹಿಡಿದು ಕೂರಿಸಿದಳು. ಅಂದವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಎರಡು ವರ್ಷದಿಂದ ಅದೇ ಮಾತು ಅವಳ ಎದೆಯೊಳಗೂ ಕೂತಿತ್ತು. ಅರವತ್ತಾರು ವರ್ಷ ಊರಲ್ಲಿ ಬಾಳಿದವನ ಮಣ್ಣಿಗೆ ಇಪ್ಪತ್ತು ಜನ ಬಂದಿದ್ದರು, ಅವರೂ ಅಂಗಳದ ಅಂಚಿನಲ್ಲೇ ನಿಂತಿದ್ದರು.

*

ನಾಲ್ಕು ವರ್ಷದ ಹಿಂದೆ, ಅವರೆಕಾಯಿ ಕಾಲದಲ್ಲಿ, ಜೀಪೊಂದು ಬಂದು ಅವರ ಮನೆ ಮುಂದೆ ನಿಂತಿತ್ತು. ಇಳಿದವನು ದಿಲೀಪ್ ಎಂಬ ಮೈಸೂರಿನ ಹುಡುಗ. ಭೂವಿಜ್ಞಾನಿ. ಹೊಲಗಳ ಗಡಿ ಗೊತ್ತಿರುವವರು ಯಾರಾದರೂ ಜೊತೆಗೆ ಬೇಕು ಎಂದ. ದೊಡ್ಡಮಲ್ಲಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ.

ಸಂಜೆ ಬಂದವನ ಮುಖದಲ್ಲಿ ಮದುವೆ ಗಂಡಿನ ಕಳೆಯಿತ್ತು.

"ಒಂದು ಮಿಷಿನ್ನು ಕಣೆ. ಕೊರಳಿಗೆ ತಗಲಾಕ್ಕಂಡು ಓಯ್ತಿದ್ರೆ ಟಿಕ್ಕು ಟಿಕ್ಕು ಅಂತಿತ್ತು. ನಮ್ಮ ಹೊಂಗೆಮರದ ತಾವಕ್ಕೆ ಬತ್ತಿದ್ದಂಗೇ ಕಡ್ಲೆ ಹುರಿದಂಗೆ ಪಟಪಟ ಅಂದ್ಬುಡ್ತು."

"ಚಿನ್ನವಾ?"

"ಚಿನ್ನ ಅಲ್ಲ. ಅಪರೂಪದ ಲೋಹವಂತೆ, ಹದಿನೈದೋ ಹದಿನೇಳೋ ಒಂದ್ರೊಳಗೊಂದು ಸೇರ್ಕೊಂಡಿರ್ತವಂತೆ. ಹೆಸ್ರು ನಾಲ್ಗೆಗೆ ತಿರ್ಗಾಕಿಲ್ಲ. ಫೋನಲ್ಲಿ ಮಾತು ಕೇಳ್ಸದೂ ಅದರಿಂದಲೇ ಅಂತೆ, ಕರೆಂಟು ಕಾರು ಓಡದೂ ಅದರಿಂದಲೇ ಅಂತೆ. ನಮ್ಮವ್ವ ಮಲಗಿರೋ ನೆಲ್ದಲ್ಲಿ ನೋಡು."

ಎರಡು ವರ್ಷ ಅವನು ಅವರ ಜೊತೆ ದುಡಿದ. ಮೊದಲು ಮಣ್ಣನ್ನು ಸಣ್ಣ ಬಟ್ಟೆ ಚೀಲಗಳಿಗೆ ತುಂಬಿದರು. ಆಮೇಲೆ ಕಾಲುವೆಯಂತೆ ಅಗೆದು ನೋಡಿದರು. ಆಮೇಲೆ ಕೊರೆಯುವ ಯಂತ್ರ ಬಂತು. ನೆಲದಾಳದಿಂದ ಕಬ್ಬಿನ ಗಳದಂತೆ ಕಲ್ಲಿನ ಗಳಗಳು ಮೇಲೆ ಬರುತ್ತಿದ್ದವು. ಅವನ್ನು ಬಂದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಿ ನಂಬರು ಬರೆಯುವುದು ದೊಡ್ಡಮಲ್ಲಪ್ಪನ ಕೆಲಸ. ನಾಲ್ಕನೇ ಕ್ಲಾಸಿಗೆ ಬಿಟ್ಟ ಅಕ್ಷರವನ್ನು ಅವನು ಮತ್ತೆ ದುಂಡುದುಂಡಾಗಿ ತಿದ್ದಿದ. ತುಕ್ಕಿನ ಬಣ್ಣದ ತುಂಡೊಂದನ್ನು ಅಂಗೈಯಲ್ಲಿ ತೂಗಿ, "ಇದ್ರಲ್ಲಿ ಅದೆ ಸಾರ್," ಎಂದರೆ ಬಹಳ ಸಲ ನಿಜವಾಗುತ್ತಿತ್ತಂತೆ.

ದಿಲೀಪ್ ಎಷ್ಟೋ ಮಧ್ಯಾಹ್ನ ಅವರ ಮನೆಯಲ್ಲೇ ಉಂಡ. ಚಿಕ್ಕಮಲ್ಲಮ್ಮನನ್ನು ಅಮ್ಮ ಎನ್ನುತ್ತಿದ್ದ. ಒಮ್ಮೆ ಮುದ್ದೆಗೆ ಉಪ್ಸಾರು ಬಿಡುತ್ತಾ ಅವಳು ನೇರವಾಗಿ ಕೇಳಿದಳು: "ನಮ್ಮೊಲ ಓಗಾಕಿಲ್ವಾ ಮಗ?"

ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ನಾವು ಹುಡುಕೋರು ಅಷ್ಟೇ ಅಮ್ಮ. ಊರವರು ಒಪ್ಪದೇ ಯಾರೂ ಒಂದು ಬುಟ್ಟಿ ಮಣ್ಣೂ ತೆಗೆಯೋ ಹಾಗಿಲ್ಲ."

ವರದಿ ಹೋಯಿತು. ನಿಕ್ಷೇಪ ದೊಡ್ಡದೇ ಎಂದು ಪೇಪರಿನಲ್ಲಿ ಬಂತು. ದಿಲೀಪ್ ಬೇರೆ ರಾಜ್ಯಕ್ಕೆ ಹೋದ, ಅವನ ಫೋನು ಸಿಗದಾಯಿತು. ಮೂರು ತಿಂಗಳಿಗೆ ಪಂಚಾಯಿತಿ ಕಟ್ಟಡದಲ್ಲಿ ಸಭೆ ಕರೆದರು. ಅಧಿಕಾರಿಯೊಬ್ಬರು ಎದ್ದು, ಮಾದಲಪುರದ ಗ್ರಾಮಸಭೆ ತಕರಾರಿಲ್ಲದೆ ಒಪ್ಪಿಗೆ ಕೊಟ್ಟಿದೆ ಎಂದು ಓದಿ, ಸಹಿ ಹಾಕಿದವರ ಪಟ್ಟಿಯನ್ನು ಎತ್ತಿ ತೋರಿಸಿದರು. ಮುಂದೆ ಕೂತವರಿಗೆ ಮೊದಲನೆಯದು ಕಾಣಿಸಿತು. ದುಂಡುದುಂಡನೆಯ ಅಕ್ಷರ: ದೊಡ್ಡಮಲ್ಲಪ್ಪ.

*

ಹನ್ನೊಂದರ ಹೊತ್ತಿಗೆ ಗುಂಡ್ಲುಪೇಟೆ ಕಡೆಯಿಂದ ಬಿಳಿ ಕಾರು ಬಂತು. ಹಿಂದಿನ ದಿನ ಊರಲ್ಲಿರದಿದ್ದ ಶಿವಶಂಕರ ದೊಡ್ಡ ಹಾರ ಹಿಡಿದು ಇಳಿದ. ಚಿಕ್ಕಮಲ್ಲಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಪಂಚಾಯಿತಿ ಮೆಂಬರು. ಅವಳ ತವರುಮನೆ ಇದೇ ಊರಿನ ಕೆಳಗಿನ ಬೀದಿಯಲ್ಲಿತ್ತು. ಅವ್ವ ತೀರಿಕೊಂಡಾಗ ಇವನಿಗೆ ಆರು ವರ್ಷ. ಮದುವೆಯಾಗಿ ಹೋಗುವವರೆಗೂ ಇವನಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳೇ.

ಅವನು ಭಾವನ ಕೊರಳಿಗೆ ಹಾರ ಹಾಕಿ, ಅಕ್ಕನ ಭುಜ ಹಿಡಿದು ಸ್ವಲ್ಪ ಹೊತ್ತು ಅತ್ತ. ಗೇಟಿನ ಸುದ್ದಿ ಕೇಳಿ ಕಣ್ಣೊರೆಸಿಕೊಂಡ.

"ಇದೇನ್ ದೊಡ್ದು ಬುಡಿ. ನಾನು ಮಾತಾಡ್ತೀನಿ."

ಅಂಗಳ ದಾಟಿ ಕಾರಿನ ಮರೆಗೆ ಹೋದ. ಐದು ನಿಮಿಷವೂ ಆಗಿರಲಿಲ್ಲ, ಬಂದ.

"ಆಯ್ತು. ಎರಡು ಗಂಟೆ ಟೈಮ್ ಕೊಟ್ಟವ್ರೆ. ಹದಿನೈದು ಜನಕ್ಕಿಂತ ಜಾಸ್ತಿ ಒಳಕ್ ಓಗಂಗಿಲ್ಲ. ಗದ್ದುಗೆ ಗಿದ್ದುಗೆ ಕಟ್ಟಂಗಿಲ್ಲ, ಮಣ್ಣು ನೆಲದ ಸಮಕ್ಕಿರ್ಬೇಕಂತೆ."

"ನೀನಿದ್ದಿದ್ದಕ್ಕೆ ಆಯ್ತು ಕಣಪ್ಪ," ಎಂದರು ಒಬ್ಬ ಮುದುಕರು.

ಆಗ ಪುಟ್ಟಬಸಪ್ಪ, "ಒಂದು ಫೋನಿಗೆ ಗೇಟು ತೆಗೀತಾರೆ," ಎಂದ. ಯಾರಿಗೂ ಹೇಳಿದಂತಿರಲಿಲ್ಲ. ಗುದ್ದಲಿಯ ಕಾವಿನ ಮೇಲೆ ಹೆಬ್ಬೆರಳು ಉಜ್ಜುತ್ತಾ ನಿಂತಿದ್ದ. "ನಾವು ನಾಲ್ಕು ಜನ ಒಂದು ಗಂಟೆ ಕೈ ಮುಗುದ್ರೂ ತೆಗೀದೆ ಇದ್ದೋರು."

"ಏನಣ್ಣ ನಿಂದು?" ಎಂದ ಶಿವಶಂಕರ.

"ಏನಿಲ್ಲ ಕಣಪ್ಪ." ಪುಟ್ಟಬಸಪ್ಪ ಅವನ ಕಡೆ ನೋಡದೆ ಜಗಲಿಯ ಹತ್ತಿರ ಬಂದ. "ಮಲ್ಲವ್ವ, ಆ ಪಟ್ಟಿಲಿ ಎರಡ್ನೇ ಸಹಿ ನಂದು."

ಬೆನ್ನ ಹಿಂದಿದ್ದ ಶಿವಶಂಕರನ ಕಡೆ ಕೈ ಮಾಡಿದ.

"ಕೆರೆ ಹೂಳೆತ್ತಕ್ಕೆ ಅರ್ಜಿ ಕೊಡನ ಅಂದ ಇವನು. ಒಂದು ಹಾಳೆ ಹಿಡ್ಕೊಂಡು ಹೊಲದ ತಾವಕ್ಕೇ ಬಂದಿದ್ದ. ಮೇಲ್ಗಡೆ ದೊಡ್ಡಮಲ್ಲಪ್ಪನ ಸಹಿ ಇತ್ತು. ಭಾವನೇ ಹಾಕವ್ರಲ್ಲ ಅಂದ. ಹಾಕ್ಬುಟ್ಟೆ. ನನ್ನಂಗೆ ಮೂವತ್ತು ಜನ ಹಾಕುದ್ರು. ಇಲ್ಲಿ ನಿಂತಿರೋರಲ್ಲೂ ಅವ್ರೆ, ಕೇಳು."

ಬೇಲಿಯ ಮಾತೆತ್ತಿದ್ದವನು ಚಪ್ಪಲಿಯ ಮಣ್ಣು ಕೊಡವತೊಡಗಿದ.

"ಅದು ಕೆರೆ ಹಾಳೆ ಅಲ್ಲ ಅಂತ ಸಭೇಲಿ ಗೊತ್ತಾಯ್ತು. ಮಾರ್ನೆ ದಿನ ದೊಡ್ಡಮಲ್ಲಪ್ಪನ ತಾವಕ್ಕೆ ಓದೆ. ಊರ್ ಮುಂದೆ ಹೇಳನ ಬಾ ಅಂದೆ. ಬ್ಯಾಡ ಅಂದ. ಅವಳಿಗಿರೋದು ಅದೊಂದೇ ತವರು, ನನ್ನ ಕೈಯಾರೆ ಅದರ ಬಾಗ್ಲು ಹಾಕಾಕಿಲ್ಲ ಅಂದ." ಪುಟ್ಟಬಸಪ್ಪ ಜಗಲಿಯ ಅಂಚಿನಲ್ಲಿ ಕುಕ್ಕರಿಸಿದ. "ನನಗೂ ಅದೇ ಬೇಕಾಗಿತ್ತು ಕಣವ್ವ. ಜನ ಅವನ ಹೆಸ್ರು ಹಿಡ್ದು ಬಯ್ಯೋವರ್ಗೂ ನನ್ನ ಹೆಸ್ರು ಯಾರೂ ಕೇಳ್ತಿರ್ಲಿಲ್ಲ. ಟೀ ಅಂಗಡೀಲಿ ಅವನು ಬಂದ್ರೆ ನಾನೂ ಎದ್ದೋಯ್ತಿದ್ದೆ."

ಚಿಕ್ಕಮಲ್ಲಮ್ಮ ತಮ್ಮನ ಮುಖ ನೋಡಿದಳು.

"ಸಾವಿನ ಮನೇಲಿ ಇದೆಲ್ಲಾ ಯಾಕಕ್ಕ," ಎಂದ ಅವನು.

"ಅವ್ರಿಗೆ ಕೆರೆ ಅಂತಲೇ ಅಂದ್ಯಾ?"

"ನಾನು ಹಾಕುಸ್ದೆ ಇದ್ರೆ ಇನ್ನೊಬ್ಬ ಹಾಕುಸ್ತಿದ್ದ. ಬರೋದು ಬಂದೇ ಬತ್ತಿತ್ತು."

"ಅದಲ್ಲ ನಾ ಕೇಳಿದ್ದು. ಕೆರೆ ಅಂದ್ಯಾ?"

ಶಿವಶಂಕರ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಊಂ," ಎಂದ.

*

ಸಭೆಯ ದಿನ ಗಂಡ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು.

"ಸಹಿ ನಿಮ್ದೇನಾ?"

"ನಂದೇ."

"ಯಾಕಾಕುದ್ರಿ?"

ಅವನು ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತೊಳೆಯತೊಡಗಿದ. ಅವಳು ಹಿಂದೆಯೇ ಹೋಗಿ ಮತ್ತೆ ಕೇಳಿದಳು. ಅವನು ನೀರು ಎರೆಯುತ್ತಲೇ ಇದ್ದ. ಆ ಎತ್ತನ್ನು ಅವತ್ತು ಅವನು ಎಷ್ಟು ಹೊತ್ತು ತೊಳೆದನೆಂದರೆ ಅದು ಚಳಿಗೆ ನಡುಗಿತು.

ಆಮೇಲೆ ಅವಳು ತಟ್ಟೆ ಇಟ್ಟು, ಬಡಿಸಿ, ಒಳಗೆ ಹೋಗುತ್ತಿದ್ದಳು. ಅವನು ಒಬ್ಬನೇ ಉಣ್ಣುತ್ತಿದ್ದ. ಎದೆ ಭಾರವಾದಾಗಲೆಲ್ಲ ಕೆಳಗಿನ ಬೀದಿಗೆ ಹೋಗಿ ತಮ್ಮನ ಮುಂದೆ ಅತ್ತು ಬರುತ್ತಿದ್ದಳು. ಅವನು ಕಾಫಿ ಕೊಡಿಸಿ, "ಬುಡಕ್ಕ, ಭಾವನ ಕೈಲಿ ಒಂದು ತಪ್ಪಾಗೋಯ್ತು. ಏನ್ ಮಾಡಕ್ಕಾಯ್ತದೆ, ನೀನೇ ಹೊಟ್ಟೇಗ್ ಹಾಕ್ಕೊ," ಎನ್ನುತ್ತಿದ್ದ. ಗೌರಿ ಹಬ್ಬಕ್ಕೆ ಅವನು ಕರೆಯಲು ಬಂದಾಗ ಗಂಡನೇ ಒಳಗೆ ಬಂದು, "ತಮ್ಮ ಬಂದವ್ನೆ, ಓಗ್ಬಾ," ಎಂದು ಅವಳ ಸೆರಗಿಗೆ ಎಲೆ ಅಡಿಕೆ ಹಾಕಿ ಕಳಿಸಿದ್ದ. ಎರಡು ವರ್ಷವೂ.

*

ಅವಳು ಎದ್ದು ನಿಂತಳು. ಶಿವರಂಜಿನಿ ಹಿಡಿದುಕೊಳ್ಳಲು ಬಂದರೆ ಬೇಡವೆಂದಳು. ಅಳುತ್ತಾಳೆಂದು ಹೆಂಗಸರು ಹತ್ತಿರ ಸರಿದರು. ಅವಳು ಅಳಲಿಲ್ಲ.

"ಅವ್ವ, ಮಾವನ ಉಪಕಾರ ನಮಗ್ ಬ್ಯಾಡ. ರುದ್ರಭೂಮಿಗೇ ಓಗನ," ಎಂದಳು ಮಗಳು.

"ಇಲ್ಲ. ಅವ್ರು ಅವರವ್ವನ ಪಕ್ಕ ಕೂರ್ಬೇಕು." ತಮ್ಮನ ಕಡೆ ತಿರುಗಿದಳು. "ನೀನು ಗೇಟಿಂದ ಈಚೆಗೇ ನಿಂತ್ಕ. ಒಳಗ್ ಬರ್ಬ್ಯಾಡ."

ಪುಟ್ಟಬಸಪ್ಪ ಗುದ್ದಲಿ ಎತ್ತಿಕೊಂಡು ಮುಂದೆ ಓಡಿದ.

ಬಿದಿರಿನ ವಿಮಾನದಲ್ಲಿ ಕೂರಿಸಿದ ದೊಡ್ಡಮಲ್ಲಪ್ಪನನ್ನು ಹೊತ್ತು ಮೂಡಲಿನ ದಾರಿ ಹಿಡಿದಾಗ ಹಿಂದೆ ಬರುವವರು ಹೆಚ್ಚಾದರು. ಮನೆಯೊಳಗಿದ್ದವರು ಒಬ್ಬೊಬ್ಬರಾಗಿ ಹೊರಬಂದು ಸೇರಿಕೊಂಡರು. ಮಾತು ಬೀದಿಯಿಂದ ಬೀದಿಗೆ ಹೋಗಿತ್ತು. ಗೇಟಿನ ಹತ್ತಿರ ಸೆಕ್ಯೂರಿಟಿಯವನು ಎಣಿಸಿ ಹದಿನೈದು ಜನರನ್ನು ಬಿಟ್ಟು ಸರಪಳಿ ಎಳೆದ. ಉಳಿದವರು ಬೇಲಿಯ ಉದ್ದಕ್ಕೂ ನಿಂತರು.

ಹೊಂಗೆಮರ ಇರಲಿಲ್ಲ. ಕಡಿದ ಬುಡದ ಪಕ್ಕದಲ್ಲಿ ಸಿಮೆಂಟಿನ ಮುಚ್ಚಳ ಹಾಕಿದ ಕೊರೆದ ತೂತು, ಅದರ ಮೇಲೆ ಕೆಂಪು ಬಣ್ಣದ ನಂಬರು. ಅತ್ತೆ ಮಾವಂದಿರ ಎರಡು ಕಲ್ಲುಗಳು ಮಾತ್ರ ಹಾಗೇ ಇದ್ದವು. ಪುಟ್ಟಬಸಪ್ಪ ಯಾರಿಗೂ ಗುದ್ದಲಿ ಬಿಟ್ಟುಕೊಡದೆ ತಾನೇ ತೋಡಿದ. ಆಳಕ್ಕೆ ಹೋದಂತೆ ಮಣ್ಣು ತುಕ್ಕಿನ ಬಣ್ಣಕ್ಕೆ ತಿರುಗಿತು. ಒಂದು ಕಡೆಗೆ ಗೂಡು ಕೊರೆದು, ದೊಡ್ಡಮಲ್ಲಪ್ಪನನ್ನು ಇಳಿಸಿ ಕೂರಿಸಿದರು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸಿದರು. ಒಬ್ಬೊಬ್ಬರೂ ಪತ್ರೆ ಹಾಕಿದರು. ಶಿವರಂಜಿನಿ ಹಾಕಿದಳು. ಚಿಕ್ಕಮಲ್ಲಮ್ಮ ಬಾಗಿ ಅವನ ತಲೆ ಮುಟ್ಟಲು ಕೈ ಚಾಚಿದಳು. ಎಟುಕಲಿಲ್ಲ.

"ನನಗಾದ್ರೂ ಹೇಳ್ಬೋದಾಗಿತ್ತು," ಎಂದಳು, ಮನೆಯಲ್ಲಿ ಎಂದಿನಂತೆ ಮಾತಾಡುವ ದನಿಯಲ್ಲಿ.

ಮಣ್ಣು ತುಂಬಿದರು. ಗುಂಡಿ ತುಂಬಿ ಇನ್ನೂ ಒಂದಿಷ್ಟು ಮಣ್ಣು ಉಳಿದು ಗುಡ್ಡೆಯಾಯಿತು. ಸೆಕ್ಯೂರಿಟಿಯವನು ಬಂದು ಸಮ ಮಾಡಿ ಎಂದು ಕೈಸನ್ನೆ ಮಾಡಿದ. ಪುಟ್ಟಬಸಪ್ಪ ಅಲ್ಲಾಡಲಿಲ್ಲ. ಬೇರೆ ಮೂವರು, ಎತ್ತಲೋ ನೋಡುತ್ತಾ, ಗೆಳೆಯನ ಮೇಲಿನ ಮಣ್ಣನ್ನು ತುಳಿದು ಚಪ್ಪಟೆ ಮಾಡಿದರು.

ಎಲ್ಲರೂ ಗೇಟಿನ ಕಡೆ ತಿರುಗಿದ ಮೇಲೆ ಚಿಕ್ಕಮಲ್ಲಮ್ಮ ಹೋಗಿ ಆ ಜಾಗದಲ್ಲಿ ಕೂತಳು. ಮಗಳು ಕರೆದಳು. ಪುಟ್ಟಬಸಪ್ಪ ಕರೆದ. ಸೆಕ್ಯೂರಿಟಿಯವನು ಬಂದು ಗಡಿಯಾರ ತೋರಿಸಿದ. ಅವಳು ಏಳಲಿಲ್ಲ. ಅವನು ಬೇಲಿಯ ಹತ್ತಿರ ಹೋಗಿ ಶಿವಶಂಕರನಿಗೆ ಏನೋ ಹೇಳಿದ.

ಶಿವಶಂಕರ ಫೋನು ಕಿವಿಗಿಟ್ಟುಕೊಂಡು ಜನರಿಂದ ದೂರ, ಬೇಲಿಯ ಪಕ್ಕದಲ್ಲೇ ನಡೆದು ಬಂದ. ತಂತಿಯಾಚೆ, ಅವಳ ಬೆನ್ನಿಗೆ ನಾಲ್ಕು ಮಾರು ದೂರದಲ್ಲಿ ನಿಂತ. ಅಲ್ಲಿಂದ ಮಾತು ಕೇಳಿಸುತ್ತದೆಂಬುದು ಅವನಿಗೆ ತಿಳಿಯಲಿಲ್ಲವೇನೋ.

"ಇನ್ನೊಂದರ್ಧ ಗಂಟೆ ಸಾರ್. ಇಲ್ಲ ಸಾರ್, ಗಲಾಟೆ ಏನಿಲ್ಲ. ಒಬ್ಬರು ಹೆಂಗಸು ಕೂತ್ಬುಟ್ಟವ್ರೆ, ಏಳ್ತಿಲ್ಲ." ಆ ಕಡೆಯ ಮಾತು ಕೇಳಿಸಿಕೊಂಡ. "ಇಲ್ಲ ಇಲ್ಲ, ನಮ್ಮ ಸಂಬಂಧದೋರಲ್ಲ ಸಾರ್. ಊರವರು."

ಚಿಕ್ಕಮಲ್ಲಮ್ಮ ತಿರುಗಿ ನೋಡಲಿಲ್ಲ. ತುಳಿದ ಮಣ್ಣಿನ ಮೇಲೆ ಎರಡೂ ಅಂಗೈ ಊರಿ, ಸ್ವಲ್ಪ ಸರಿದು, ಇನ್ನೂ ಭದ್ರವಾಗಿ ಕೂತಳು.