ಅರಿಶಿನ ಬಿದ್ದ ಬೀರು

ಆಯುಧಪೂಜೆಯ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದವಳು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. ನಾನು ಬರೆದ ಬೀರುವಿನ ಚಿತ್ರದಲ್ಲಿ ಪ್ರತಿ ಡ್ರಾಯರಿಗೂ ಅರಿಶಿನ, ಕುಂಕುಮ. ಅದೂ ಕಲಸಿದ ಅರಿಶಿನ. ಕಾಗದ ನೆನೆದು ಅಲ್ಲಲ್ಲಿ ಉಬ್ಬಿತ್ತು.

ಯಾವುದೋ ಕಾಲದಲ್ಲಿ ಫ್ರಾನ್ಸಿನ ಶ್ರೀಮಂತೆಯೊಬ್ಬಳಿಗೆ ಮಾಡಿಕೊಟ್ಟ ಬೀರು ಅದು. ಬಾಗಿದ ಕಾಲುಗಳು, ಚಿನ್ನದ ನೀರು ಕೊಟ್ಟ ಹಿಡಿಗಳು, ಬಣ್ಣಬಣ್ಣದ ಮರದ ಚೂರು ಕೂಡಿಸಿದ ಹೂಬಳ್ಳಿ. ಡೆಟ್ರಾಯಿಟ್ ಹತ್ತಿರದ ಚಿಕ್ಕ ಮ್ಯೂಸಿಯಮ್ಮೊಂದು ತನ್ನಲ್ಲಿರುವ ಯುರೋಪಿನ ಹಳೇ ಪೀಠೋಪಕರಣಗಳ ಬಗ್ಗೆ ಪುಸ್ತಕ ತರುತ್ತಿತ್ತು. ಮುಖಪುಟಕ್ಕೆ ನನ್ನ ಈ ಚಿತ್ರ. ಮರದ ಹೊಳಪು ಬರಬೇಕೆಂದರೆ ತೆಳ್ಳನೆಯ ಕಂದು ಬಣ್ಣವನ್ನು ಪದರ ಪದರವಾಗಿ ಹಚ್ಚಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ವಾಷಿಂಗ್ ಮೆಷೀನಿನ ಗದ್ದಲದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತು ಹಚ್ಚಿದ್ದೆ. ಶುಕ್ರವಾರ ಡ್ರೈವ್ ಮಾಡಿಕೊಂಡು ಹೋಗಿ ಕೊಡಬೇಕಿತ್ತು. ತಪ್ಪಿದರೆ ಮುಖಪುಟಕ್ಕೆ ಫೋಟೊ ಹಾಕುತ್ತೇವೆಂದು ಅವರು ಮೊದಲೇ ಹೇಳಿದ್ದರು.

ಕಿರುಚಿದ್ದಕ್ಕೆ ಗಂಡ ಪ್ರಸಾದ್ ಕಾಫಿ ಮಗ್ ಹಿಡಿದುಕೊಂಡೇ ಬಂದ.

"ಅಷ್ಟೇನಾ? ಸ್ಕ್ಯಾನ್ ಮಾಡಿ ಫೋಟೊಶಾಪಲ್ಲಿ ಕ್ಲೀನ್ ಮಾಡ್ಬಿಡು. ಹಬ್ಬದ ದಿನ ಕೂಗಾಡ್ಬೇಡ."

"ಅವರಿಗೆ ಒರಿಜಿನಲ್ಲೇ ಬೇಕು."

"ಹಂಗಿದ್ರೆ ಇನ್ನೊಂದು ಬರಿ. ನಿಂಗೇನು ಆಫೀಸಾ, ಮೀಟಿಂಗಾ?"

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅತ್ತೆ ಲಲಿತಮ್ಮ ಇಳಿದು ಬಂದರು. ಮೈಸೂರಿನಿಂದ ಬಂದು ತಿಂಗಳೂ ಆಗಿಲ್ಲ. ಕಾರು, ಮಿಕ್ಸಿ, ವಾಷಿಂಗ್ ಮೆಷೀನು, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ನನ್ನ ಬ್ರಷ್‌ಗಳೂ ದೇವರ ಮುಂದಿದ್ದವು. ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಮುಟ್ಟುವಂತಿಲ್ಲ. ತಮ್ಮ ಮಗನ ಲ್ಯಾಪ್‌ಟಾಪಿಗೆ ಮಾತ್ರ ವಿನಾಯಿತಿ.

"ನಿಜವಾದ ಬೀರು ಥರಾನೇ ಇತ್ತು ಕಣೆ ಲಾವಣ್ಯ. ಕುಂಕುಮ ಇಡ್ದೆ ಬಿಡೋಕೆ ಮನಸ್ಸಾಗ್ಲಿಲ್ಲ. ಆದ್ರೂ ಇವನನ್ನ ಕೇಳಿದ್ದೆ, ಕಾಗದ ಅಲ್ವೇನೋ, ಒದ್ದೆಯಾದ್ರೆ ಪರವಾಗಿಲ್ವಾ ಅಂತ. ಟೈಂಪಾಸ್‌ಗೆ ಬರ್ದಿರೋದಮ್ಮ, ಎಲ್ಲಿ ಬೇಕಾದ್ರೂ ಇಡು ಅಂದ."

ಪ್ರಸಾದ್ ಮಗ್ಗಿನೊಳಗೆ ನೋಡತೊಡಗಿದ.

ಮ್ಯೂಸಿಯಮ್ಮಿಗೆ ಫೋನ್ ಮಾಡಿದೆ. ಪುಸ್ತಕ ನೋಡಿಕೊಳ್ಳುವ ಹೆಂಗಸು ಪಾಪ ಸಮಾಧಾನವಾಗಿಯೇ ಮಾತಾಡಿದಳು. ಮುಖಪುಟ ಹೋಯಿತು. ತಿಂಗಳ ಕೊನೆಗೆ ಹೊಸ ಚಿತ್ರ ಕೊಟ್ಟರೆ ಒಳಪುಟದಲ್ಲಿ ಹಾಕುತ್ತಾರಂತೆ. ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟೆ.

ಮಹಡಿಗೆ ಹೋದೆ. ಎಲ್ಕ್ ಗ್ರೋವ್ ಊರಿನ ಡೇಟಾ ಸೆಂಟರಿನ ಕೆಲಸವನ್ನು ಪ್ರಸಾದ್ ಮನೆಯಿಂದ ಮಾಡುವುದು ಅಲ್ಲಿನ ರೂಮಿನಲ್ಲಿ. ಇಡೀ ಮನೆಯಲ್ಲಿ ಒಳ್ಳೆಯ ಬೆಳಕಿರುವ ದೊಡ್ಡ ಕಿಟಕಿ ಇರುವುದೂ ಅಲ್ಲೇ. ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರ ಮೇಲೆ ನೀಟಾಗಿ ಕತ್ತರಿಸಿ ಅಂಟಿಸಿದ ಫಾಯಿಲ್, ಫಾಯಿಲ್ ಮೇಲೆ ಒಂದೇ ಒಂದು ಚಿಟಿಕೆ ಒಣ ಕುಂಕುಮ.

ಅಂದರೆ ಅವನಿಗೆ ಗೊತ್ತಿತ್ತು! ಬೇಕಾದ ವಸ್ತುವಿಗೆ ತೇವ ತಾಗದ ಹಾಗೆ ನೋಡಿಕೊಳ್ಳುವುದು ಚೆನ್ನಾಗಿಯೇ ಗೊತ್ತಿತ್ತು.

ಮಾನಿಟರುಗಳ ವೈರು ಕಿತ್ತೆ. ಒಂದೊಂದಾಗಿ ಹೊತ್ತುಕೊಂಡು ಹೋಗಿ ಬೇಸ್‌ಮೆಂಟಿನ ನನ್ನ ಟೇಬಲ್ಲಿನ ಮೇಲೆ ಕುಕ್ಕಿದೆ. ಕುರ್ಚಿಯನ್ನು ಮೆಟ್ಟಿಲ ಮೇಲೆ ದಡದಡ ಎಳೆದೆ.

"ತಲೆ ಕೆಟ್ಟಿದ್ಯಾ? ಈಗ ನಂಗೆ ಕಾಲ್ ಇದೆ!"

"ಕೆಳಗೂ ವೈಫೈ ಬರುತ್ತೆ. ಹೋಗು."

ಕಿಟಕಿಯ ಮುಂದೆ ಹೊಸ ಕಾಗದ ಬಿಗಿದೆ. ಬಾಗಿಲಲ್ಲಿ ಅತ್ತೆ. ಬೆಳಿಗ್ಗೆ ಸೌತೆಕಾಯಿ ಹೆಚ್ಚಲು ಪೂಜೆಗಿಟ್ಟ ಚಾಕು ಕೊಡದಿದ್ದವರು ದೇವರ ಮುಂದಿದ್ದ ನನ್ನ ಬ್ರಷ್‌ಗಳನ್ನು ತಂದು ಮೇಜಿನ ಮೇಲಿಟ್ಟರು. ಅವರ ಮೇಲಿನ ಸಿಟ್ಟೂ ನನಗೆ ಇಳಿದಿರಲಿಲ್ಲ.

"ನೀರು ಬೇಕು" ಎಂದೆ. ತಂದಿಟ್ಟು ಕೆಳಗಿಳಿದು ಹೋದರು.

ಮೊದಲ ಗೆರೆ ಎಳೆಯುವಷ್ಟರಲ್ಲಿ ಬೇಸ್‌ಮೆಂಟಿನಿಂದ ಪ್ರಸಾದ್ ಕೂಗಿದ. "ಯಾರು ಈ ವಾಷಿಂಗ್ ಮೆಷೀನ್ ಆನ್ ಮಾಡಿದ್ದು? ಏನೂ ಕೇಳಿಸ್ತಿಲ್ಲ ಇಲ್ಲಿ!"

"ನಾನೇ ಕಣೋ" ಎಂದರು ಅತ್ತೆ. "ಇನ್ನೂ ಎರಡು ಲೋಡಿದೆ."