ಪಟ್ಟಿಯಲ್ಲಿ ಮುಂದಿನ ಹೆಸರು

ನನಗೂ ಲೈಲನಿಗೂ ವಿಚ್ಛೇದನವಾಗಿ ಹತ್ತೊಂಬತ್ತು ವರ್ಷ. ಮಂಡಿ ಆಪರೇಷನ್ ಆಯಿತು, ಆರು ವಾರ ಇದ್ದು ಹೋಗುತ್ತೇನೆ ಎಂದು ಅವನು ಮತ್ತೆ ಬಂದು ನನ್ನ ಸೋಫಾದ ಮೇಲೆ ಠಿಕಾಣಿ ಹೂಡಿ ಹನ್ನೆರಡು ವರ್ಷ. ಮಂಡಿ ಕೊಯ್ಯಿಸಿಕೊಂಡವನು ಮಹಡಿ ಮನೆಗೇ ಯಾಕೆ ಬಂದ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ.

ಕೆಳಗಿನ ಮನೆಯಲ್ಲಿದ್ದ ನಮ್ಮ ಮಾಲೀಕರು, ಪ್ರುಸ್ಕಿ ಅಜ್ಜಿ, ಆಗಸ್ಟಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ನಾನು ಮಾಡಿಟ್ಟ ಆಲೂಗೆಡ್ಡೆ ಸಲಾಡನ್ನು ಎರಡು ಸಲ ಹಾಕಿಸಿಕೊಂಡು ತಿಂದ ಅಜ್ಜಿಯ ಅಳಿಯ ಮಹಾಶಯ, ಮರುವಾರವೇ ಮನೆ ಮಾರಿದ. ಅಕ್ಟೋಬರ್ ಮುಗಿಯುವುದರೊಳಗೆ ಖಾಲಿ ಮಾಡಿ ಎಂದು ಬಾಗಿಲಿಗೆ ಕಾಗದ ಅಂಟಿಸಿ ಹೋದ. ನನಗೆ ಅರವತ್ತಾರು, ಲೈಲನಿಗೆ ಅರವತ್ತೆಂಟು. ಮಿಲ್ವಾಕಿಯ ಹಿಮ ಸುರಿಯುವ ಚಳಿಗಾಲಕ್ಕೆ ಮೊದಲು ನಮಗೊಂದು ಸೂರು ಬೇಕಿತ್ತು.

ಮೊದಲು ಹೋದದ್ದು ಲಿಂಕನ್ ಬೀದಿಯ ಕಟ್ಟಡಕ್ಕೆ. 'ಕಡಿಮೆ ಆದಾಯದವರಿಗೆ ಮನೆಗಳು' ಎಂದು ಹೊರಗೆ ಬ್ಯಾನರ್ ಕಟ್ಟಿದ್ದರು. ಒಳಗಿದ್ದ ಹುಡುಗ ನಮ್ಮ ಕಾಗದಗಳನ್ನು ನೋಡಿ ತಲೆಯಾಡಿಸಿದ.

"ಬಾಡಿಗೆಯ ಮೂರರಷ್ಟು ವರಮಾನ ಇರ್ಬೇಕು ಮೇಡಂ. ನಿಮ್ಮಿಬ್ರುದೂ ಸೇರಿಸಿದ್ರೂ ಸಾಲಲ್ಲ."

"ಅಷ್ಟಿದ್ದಿದ್ರೆ ಕಡಿಮೆ ಆದಾಯದವರ ಮನೆ ಯಾಕಪ್ಪ ಕೇಳ್ತಿದ್ದೆ?"

ಅವನು ಬ್ಯಾನರ್ ಕಡೆ ನೋಡಿದ. ಅದನ್ನು ಅವನೂ ಅವತ್ತೇ ಮೊದಲ ಸಲ ಓದಿದಂತಿತ್ತು.

ಅದೇ ಮಧ್ಯಾಹ್ನ ಇನ್ನೊಂದು ಕಡೆ ಹೋದೆವು. ಅದು ಸರ್ಕಾರದ ಸಹಾಯದಲ್ಲಿ ನಡೆಯುವ ಕಟ್ಟಡ. ಅಲ್ಲಿಯ ಹೆಂಗಸು ಲೆಕ್ಕದ ಯಂತ್ರ ಒತ್ತಿ, "ನಿಮ್ಮ ವರಮಾನ ಮಿತಿ ದಾಟುತ್ತೆ," ಎಂದಳು.

"ಬೆಳಿಗ್ಗೆ ಸಾಲಲ್ಲ ಅಂದ್ರು," ಅಂದೆ.

"ಅದು ಅಲ್ಲಿ. ಇಲ್ಲಿ ಜಾಸ್ತಿ ಆಯ್ತು. ಇಬ್ರುದೂ ಸೇರಿಸ್ಬೇಕಲ್ಲ?"

"ನಾವು ಗಂಡ ಹೆಂಡ್ತಿ ಅಲ್ಲ."

"ಒಂದೇ ಮನೇಲಿ ಇರ್ತೀರಲ್ಲ?"

"ಇರ್ತೀವಿ. ಅಂದ್ರೆ, ಇವನು ಹೋಗ್ತಿಲ್ಲ."

"ಹಾಗಾದ್ರೆ ಒಂದೇ ಸಂಸಾರ," ಎಂದು ಅವಳು ಕಾಗದ ವಾಪಸು ತಳ್ಳಿದಳು. ನ್ಯಾಯಾಧೀಶರು ಮುರಿದು ಕೊಟ್ಟದ್ದನ್ನು ಈ ಹೆಂಗಸು ಮೇಜಿನ ಹಿಂದೆ ಕೂತು ಜೋಡಿಸಿಬಿಟ್ಟಳು. ಬೆಳಿಗ್ಗೆ ದರಿದ್ರರಾಗಿದ್ದವರು ಮಧ್ಯಾಹ್ನಕ್ಕೆ ಶ್ರೀಮಂತರಾಗಿದ್ದೆವು, ಊಟ ಮಾತ್ರ ಇನ್ನೂ ಆಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಲೈಲ ಕೇಳಿದ, "ಹಾಗಾದ್ರೆ ನಾವು ಏನು ಅಂತ ಈಗ?"

ಉಳಿದದ್ದು ಸರೋವರದ ಕಡೆ ಚರ್ಚಿನವರು ಕಟ್ಟಿಸಿದ ವಯಸ್ಸಾದವರ ಕಟ್ಟಡ. ಇಬ್ಬರೂ ಸೇರಿದರೆ ಅಲ್ಲೂ ಮಿತಿ ದಾಟುತ್ತಿತ್ತು. ಬೇರೆ ಬೇರೆ ಅರ್ಜಿ ಹಾಕಿದರೆ ಇಬ್ಬರಿಗೂ ಅರ್ಹತೆಯಿತ್ತು. ಎರಡು ಮನೆ ಸಿಕ್ಕರೆ ಒಂದೇ ಕಟ್ಟಡದಲ್ಲಾದರೂ ಇರಬಹುದು ಎಂದು ನನ್ನ ಆಸೆ. ಅರ್ಜಿಯ ಸಾಲಿನಲ್ಲಿ ಲೈಲ ತನ್ನ ಹಾಳು ಚಾಳಿಯಂತೆ ನನ್ನನ್ನು ದಾಟಿಕೊಂಡು ಮುಂದೆ ನಿಂತ. ಅವನಿಗೆ ಮೂವತ್ತೊಂದನೇ ಸಂಖ್ಯೆ, ನನಗೆ ಮೂವತ್ತೆರಡು. ಡೆನೆಟ್ರಾ ಎಂಬ ಗುಮಾಸ್ತೆ ಇಬ್ಬರಿಗೂ ತಿಳಿಸಿ ಹೇಳಿದಳು.

"ಮನೆ ಖಾಲಿ ಆದ್ರೆ ಫೋನ್ ಮಾಡ್ತೀನಿ. ಬೇಡ ಅಂದ್ರೆ ಆ ಹೆಸರು ಹೊಡೆದು ಆಗಲೇ ಮುಂದಿನವರಿಗೆ ಮಾಡ್ತೀನಿ. ಆಮೇಲೆ ಬಂದು ಗೋಳಾಡೋ ಹಾಗಿಲ್ಲ."

ಫೋನ್ ಬರಲು ವರ್ಷಗಳಾಗುತ್ತವೆ ಎಂದು ಎಲ್ಲರೂ ಅಂದರು. ಆದರೆ ಪಟ್ಟಿಯಲ್ಲಿ ವರ್ಷಗಳಿಂದ ನಮಗಿಂತ ಮುಂದಿದ್ದವರೂ ನಮ್ಮಂಥ ಮುದುಕರೇ. ಕೆಲವರು ತೀರಿಕೊಂಡಿದ್ದರು, ಕೆಲವರು ಮಕ್ಕಳ ಮನೆ ಸೇರಿದ್ದರು, ಉಳಿದವರ ಫೋನ್ ಕಡಿದುಹೋಗಿತ್ತು.

ಅಕ್ಟೋಬರ್ ಇಪ್ಪತ್ತರ ಶುಕ್ರವಾರ, ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿನ ಊಟಕ್ಕೆಂದು ಲೈಲ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾಗ ಫೋನ್ ಬಂತು. ನಾನೇ ಎತ್ತಿದೆ.

"ಲೈಲ್ ಕೊವಾಲ್ಕೆ ಅವರಿಗೆ ಇನ್ನೂ ಮನೆ ಬೇಕಾ?" ಡೆನೆಟ್ರಾ ಕೇಳಿದಳು. "ಒಂದೇ ಒಂದು ಖಾಲಿ ಆಗಿದೆ."

ಸುಳ್ಳು ಯಾಕೆ ಹೇಳಲಿ, ಅವನಿಗೆ ಬೇಡವಂತೆ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂತು. ಮುಂದಿನ ಹೆಸರು ನನ್ನದು. ಅವನು ಅಲ್ಲೇ ಮೂರು ಮಾರು ದೂರದಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ, ಬಗ್ಗಲಾರದೆ ಏದುಸಿರು ಬಿಡುತ್ತಿದ್ದ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಫೋನನ್ನು ಅವನ ಕೈಗೆ ತುರುಕಿದೆ.

ಅವನು ಕೇಳಿಸಿಕೊಂಡ. "ಒಬ್ರಿಗೇನಾ?" ಅಂದ. "ಇಲ್ಲಮ್ಮ, ನನ್ನ ಹೆಸರು ಹೊಡೆದುಹಾಕಿ. ನಾನು ಷೆಬಾಯ್ಗನ್‌ಗೆ ಹೋಗ್ತಿದೀನಿ, ತಂಗಿ ಮನೆಗೆ." ಫೋನ್ ಇಟ್ಟ. "ಈಗ ಮತ್ತೆ ಬರುತ್ತೆ. ತಗೋ."

"ತಂಗಿ ಜೊತೆ ನೀನು ಮಾತಾಡಿ ಎಂಟು ವರ್ಷ ಆಯ್ತಲ್ಲೋ. ತಲೆ ನೆಟ್ಟಗಿದೆಯಾ ನಿನಗೆ?"

"ಅದಕ್ಕೇ ಹೋಗೋದು. ಮಾತಾಡೋಕೆ ಎಷ್ಟೊಂದು ಉಳಿದಿರುತ್ತೆ."

"ವಾಪಸ್ ಫೋನ್ ಮಾಡು. ಬೇಕು ಅನ್ನು."

"ಹೊಡೆದಾಯ್ತಂತೆ ಕಣೇ. ಅವಳು ಮೊದಲೇ ಹೇಳಿದ್ಲಲ್ಲ."

ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ನಾನು ಬೇಡವೆಂದರೆ ಮನೆ ಮೂವತ್ಮೂರನೆಯವರ ಪಾಲು, ನಮ್ಮಿಬ್ಬರಿಗೂ ಇಲ್ಲ. ಎತ್ತಿದೆ. ಬೇಕು ಎಂದೆ. ಡೆನೆಟ್ರಾ ನಮೂನೆಯಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದಳು. ಕೊನೆಗೆ, "ನಿಮ್ಮ ಜೊತೆ ಬೇರೆ ಯಾರಾದ್ರೂ ಇರ್ತಾರಾ?" ಎಂದಳು.

ಲೈಲ ನನ್ನನ್ನೇ ನೋಡುತ್ತಿದ್ದ. ವಿಚ್ಛೇದನದ ದಿನ ನ್ಯಾಯಾಧೀಶರ ಪ್ರಶ್ನೆಗೆ ನಾನು ಪಟ್ಟನೆ ಉತ್ತರಿಸಿದ್ದೆ. ಈಗ ಹೇಳುತ್ತಿರುವುದು ನಿಜವೋ ಸುಳ್ಳೋ ನನಗೇ ಗೊತ್ತಾಗಲಿಲ್ಲ.

"ಇಲ್ಲ. ಒಬ್ಬಳೇ."

"ಆಯ್ತು. ಸೋಮವಾರ ಬಂದು ಸಹಿ ಹಾಕಿ."

"ಒಂದು ನಿಮಿಷ ಇರಮ್ಮ. ಯಾರಾದ್ರೂ ನೆಂಟರು ಬಂದು ಉಳ್ಕೊಂಡ್ರೆ?"

"ವರ್ಷಕ್ಕೆ ಹದಿನಾಲ್ಕು ರಾತ್ರಿ. ಅದು ದಾಟಿದ್ರೆ ಅವರೂ ಮನೆಯವರ ಲೆಕ್ಕಕ್ಕೆ ಬರ್ತಾರೆ."

ಫೋನ್ ಇಟ್ಟು ಅದನ್ನೇ ಲೈಲನಿಗೆ ಹೇಳಿ ಅತ್ತೆ. ಅವನ ಮುಂದೆ ನಾನು ಅತ್ತು ಎಷ್ಟೋ ವರ್ಷವಾಗಿತ್ತು. ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಹತ್ತಿರ ಬಂದು ನಿಂತ, ನನ್ನ ಭುಜದ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡ. ಆಮೇಲೆ ಪೆನ್ನು ಹುಡುಕಿ, ಫೋನ್ ಬಿಲ್ಲಿನ ಲಕೋಟೆ ತಿರುಗಿಸಿ ಬರೆಯತೊಡಗಿದ. ಕ್ರಿಸ್‌ಮಸ್‌ಗೆ ಎರಡು, ಈಸ್ಟರಿಗೆ ಎರಡು, ನನ್ನ ಹುಟ್ಟುಹಬ್ಬಕ್ಕೆ ಒಂದು. ಫುಟ್‌ಬಾಲ್ ಪಂದ್ಯಗಳಿಗೆ ನಾಲ್ಕು ಹಾಕಿ, ನನ್ನ ಮುಖ ನೋಡಿ, ಎರಡು ಹೊಡೆದು ಕರಿದ ಮೀನಿನ ಶುಕ್ರವಾರಗಳಿಗೆ ನಾಲ್ಕು ಬರೆದ. ಲೆಕ್ಕ ಹನ್ನೊಂದು ರಾತ್ರಿಗೆ ಬಂದಾಗ ಪೆನ್ನು ಕೆಳಗಿಟ್ಟ.

"ಇನ್ನೂ ಮೂರು ಉಳೀತಲ್ಲೋ," ಅಂದೆ.

"ಇರ್ಲಿ ಬಿಡು. ನಿನಗೆ ಜ್ವರ ಗಿರ ಬಂದ್ರೆ ಬೇಕಾಗುತ್ತೆ."