ನಾಲ್ಕನೇ ಟೇಬಲ್ಲಿನ ದೂರು

ಕೂತು ಹದಿನೇಳು ನಿಮಿಷವಾಗಿತ್ತು, ಇನ್ನೂ ನೀರು ಬಂದಿರಲಿಲ್ಲ. ಮೇಷ್ಟ್ರು ಮತ್ತೊಮ್ಮೆ ಗೋಡೆಯ ಗಡಿಯಾರ ನೋಡಿದರು, ಆಮೇಲೆ ಹೆಂಡತಿಯ ಮುಖ ನೋಡಿದರು. ಮೊದಲು ಕೂತಿದ್ದವರು ಟೇಬಲ್ಲಿನ ಮೇಲೆ ಬಿಟ್ಟುಹೋದ ಬ್ರೆಡ್ಡಿನ ಚೂರುಗಳನ್ನು ಅವಳು ಬೆರಳಿನಿಂದ ಒಂದು ಮೂಲೆಗೆ ಗುಡಿಸುತ್ತಿದ್ದಳು.

"ಬಿಡೇ, ಅದನ್ನ ನೀನ್ಯಾಕೆ ಮುಟ್ತೀಯ? ಬಂದು ಒರೆಸ್ತಾರೆ."

"ಅವರು ಬರೋ ಹೊತ್ತಿಗೆ ಇರುವೆಗಳೇ ಖಾಲಿ ಮಾಡಿರ್ತವೆ ಬಿಡಿ," ಎಂದಳು ಅವಳು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇದೇ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಸಪ್ಲೈಯರ್ ಆಗಿದ್ದವರು. ಹೊಸದಾಗಿ ಸೇರಿದವರಿಗೆಲ್ಲ ಒಂದೇ ತೋಳಿನ ಮೇಲೆ ನಾಲ್ಕು ತಟ್ಟೆ ಹೊರುವುದನ್ನು ಕಲಿಸುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಗಿರಾಕಿಯ ಬೆನ್ನು ಕುರ್ಚಿಗೆ ತಾಗುವುದರೊಳಗೆ ನೀರು ಮುಂದಿರಬೇಕು ಎಂಬುದು ಅವರ ಮೊದಲ ಪಾಠ. ಊರಿನ ಅರ್ಧ ಜನ ಈ ಹೋಟೆಲಿನಲ್ಲಿ ಒಂದು ಜಾಗಕ್ಕಾಗಿ ಬಾಗಿಲ ಹೊರಗೆ ನಿಂತು ಕಾಯುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಅವರ ಹೆಂಡತಿ ಮಾತ್ರ ಒಮ್ಮೆಯೂ ಇಲ್ಲಿ ಕೂತವಳಲ್ಲ. ಕೆಲಸದವರ ಮನೆಯವರು ಊಟದ ಕೋಣೆಗೆ ಕಾಲಿಡಕೂಡದು ಎಂಬುದು ದೊಡ್ಡ ಯಜಮಾನರ ಕಟ್ಟಪ್ಪಣೆ. ಅವಳು ಹತ್ತು ಮನೆಯ ಬಟ್ಟೆಗೆ ಇಸ್ತ್ರಿ ಹಾಕಿ, ಕೊನೆಗೆ ಗಂಡನ ಬಿಳಿ ಅಂಗಿಗೂ ಹಾಕಿ, ಹಿಂಬಾಗಿಲಿಗೆ ತಂದು ಕೊಟ್ಟು ಹಾಗೇ ಹಿಂತಿರುಗುತ್ತಿದ್ದಳು. "ರಿಟೈರ್ ಆದ್ಮೇಲೆ ಗಿರಾಕಿಯಾಗೇ ಕರ್ಕೊಂಡು ಹೋಗ್ತೀನಿ. ನಿನ್ನ ಗಂಡ ಎಂಥಾ ಕಡೆ ದುಡಿದ ಅಂತ ನೋಡುವಿಯಂತೆ," ಎಂದು ಮೇಷ್ಟ್ರು ಹೇಳುತ್ತಲೇ ಬಂದಿದ್ದರು. ಆ ಮಾತು ಕೈಗೂಡಿದ್ದು ಇವತ್ತು, ರಿಟೈರ್ ಆದ ಎರಡು ವರ್ಷದ ಮೇಲೆ. ಅವಳು ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು, ಎರಡೆರಡು ಸಲ ಇಸ್ತ್ರಿ ಹಾಕಿ ಉಟ್ಟು ಬಂದಿದ್ದಳು.

ಹನ್ನೊಂದು ಟೇಬಲ್ಲುಗಳ ನಡುವೆ ಓಡಾಡುತ್ತಿದ್ದ ಸಪ್ಲೈಯರ್ ಒಬ್ಬಳೇ. ಮೇಷ್ಟ್ರೇ ತಿದ್ದಿ ತೀಡಿದ ಹೆಂಗಸು. ಈಗ ಅವಳ ಎದೆಯ ಮೇಲೆ ಹೆಸರಿರಲಿಲ್ಲ, ಎರಡು ಎಂಬ ನಂಬರಿನ ಬಿಲ್ಲೆ ಇತ್ತು. ಗಲ್ಲಾದ ಬಳಿ ಹೆಲ್ಮೆಟ್ ತೊಟ್ಟ ಏಳೆಂಟು ಜನ ಪಾರ್ಸೆಲ್ಲಿಗಾಗಿ ಮುಗಿಬಿದ್ದಿದ್ದರು. ಅಲ್ಲಿದ್ದ ಯಂತ್ರ ಕುಂಯ್ ಎಂದಾಗಲೆಲ್ಲ ಅವಳು ಕೈಲಿದ್ದ ತಟ್ಟೆಯನ್ನು ಸಿಕ್ಕಲ್ಲಿ ಇಟ್ಟು ಪೊಟ್ಟಣ ಕಟ್ಟಲು ಓಡಬೇಕಿತ್ತು. ಮನೆಯಲ್ಲಿ ಕೂತು ಫೋನು ಒತ್ತಿದವನಿಗೆ ಮೊದಲು, ಕಣ್ಣೆದುರು ಹಸಿದು ಕೂತವನಿಗೆ ಆಮೇಲೆ. ಏಳನೇ ಟೇಬಲ್ಲಿನ ಗಂಡಹೆಂಡತಿ ಕಾದು ಕಾದು ಕುರ್ಚಿ ದಬ್ಬಿ ಎದ್ದುಹೋದರು. ವಾರ ತಪ್ಪದೆ ಬರುತ್ತಿದ್ದವರು ಅವರು. ಗಂಡನಿಗೆ ಉಪ್ಪು ಕಡಿಮೆ ಇರಬೇಕು ಎಂಬುದು ಮೇಷ್ಟ್ರಿಗೆ ಈಗಲೂ ನೆನಪಿತ್ತು.

ಕೊನೆಗೆ ಆ ಹೆಂಗಸು ಏದುಸಿರು ಬಿಡುತ್ತ ಬಂದಳು. "ಅಯ್ಯೋ, ಮೇಷ್ಟ್ರೇ! ಅಕ್ಕನ್ನೂ ಕರ್ಕೊಂಡು ಬಂದಿದೀರಾ! ಐದೇ ನಿಮಿಷ, ಏನ್ ತರ್ಲಿ?"

"ಎರಡು ಸೂಪು. ಐದು ನಿಮಿಷ ಅಂತೆ ಐದು ನಿಮಿಷ! ನಾನು ನಿನಗೆ ಇದನ್ನೇನಾ ಕಲಿಸಿದ್ದು?"

ಅವಳ ಮುಖ ಸಪ್ಪಗಾಯಿತು. "ಆಗ ನಾವು ಒಂಬತ್ತು ಜನ ಇದ್ವಿ ಮೇಷ್ಟ್ರೇ..." ಯಂತ್ರ ಕುಂಯ್ ಎಂದಿತು. ಅವಳು ಓಡಿದಳು.

"ಅವಳ ಕಾಲು ನೋಡಿದ್ರಾ? ಚಪ್ಪಲಿ ಹಿಡೀದಷ್ಟು ಊದಿವೆ," ಎಂದಳು ಹೆಂಡತಿ.

"ಈ ಕೆಲಸದಲ್ಲಿ ಎಲ್ಲರ ಕಾಲೂ ಊದ್ತವೆ. ನಂದು ಊದಿರ್ಲಿಲ್ವಾ?"

"ಊದಿತ್ತು. ಒತ್ತಿದೋಳು ನಾನು."

ಮತ್ತೆ ಕಾಲು ಗಂಟೆ ಕಳೆಯಿತು. ಸೂಪು ಬಂತು, ಎರಡು ಕೇಳಿದ್ದಕ್ಕೆ ಒಂದೇ ಬಟ್ಟಲು, ಅದೂ ಆರಿ ಕೆನೆಗಟ್ಟಿತ್ತು. ಇಡುವ ಅವಸರದಲ್ಲಿ ಅವಳ ಹೆಬ್ಬೆರಳು ಸೂಪಿನೊಳಗೆ ಅದ್ದಿತು, ಬಟ್ಟಲು ವಾಲಿ ಹೆಂಡತಿಯ ಮಡಿಲ ಮೇಲೆ ಚೆಲ್ಲಿತು. ಪೆಟ್ಟಿಗೆಯ ಆ ಬಟ್ಟೆಯ ಮೇಲೆ ಅಂಗೈಯಗಲದ ಜಿಡ್ಡಿನ ಕಲೆ.

"ಕೆಟ್ಟು ಕೆರ ಹಿಡೀತು ಕಣ್ರೀ ಈ ಹೋಟ್ಲು," ಎಂದು ಪಕ್ಕದ ಟೇಬಲ್ಲಿನವನು ನಕ್ಕ. ಅದು ಮೇಷ್ಟ್ರ ಕಪಾಳಕ್ಕೆ ಬಿದ್ದ ಹಾಗಾಯಿತು. ಇಪ್ಪತ್ತಾರು ವರ್ಷ ಒಂದು ಹನಿಯನ್ನೂ ಚೆಲ್ಲಿದವರಲ್ಲ. ಅಷ್ಟು ವರ್ಷ ಮನೆಯಲ್ಲಿ ಕೊಚ್ಚಿಕೊಂಡದ್ದೆಲ್ಲ ಈಗ ಹೆಂಡತಿಯ ಮಡಿಲಿನಿಂದ ತೊಟ್ಟಿಕ್ಕುತ್ತಿತ್ತು.

"ಒಗೆದ್ರೆ ಹೋಗುತ್ತೆ ಬಿಡಿ, ಕೂತ್ಕೊಳ್ಳಿ," ಎಂದಳು ಹೆಂಡತಿ. ಮೇಷ್ಟ್ರು ಕೂರಲಿಲ್ಲ. ನೆಟ್ಟಗೆ ಗಲ್ಲಾಕ್ಕೆ ಹೋದರು.

ಚಿಕ್ಕ ಯಜಮಾನ ಫೋನಿನಿಂದ ತಲೆಯೆತ್ತಿದ. "ಓಹೋ, ಮೇಷ್ಟ್ರು! ಏನ್ ಸಮಾಚಾರ?"

"ಸಮಾಚಾರ ಮನೆ ಹಾಳಾಯ್ತು. ಇದೇನು ವ್ಯವಸ್ಥೆ? ನಿಮ್ಮಪ್ಪ ಕೂತಿದ್ದಾಗ ಹೀಗಿತ್ತಾ ಇದು?"

"ಅಪ್ಪ ಕೂತು ಎಲ್ಲರ ಜಗಳ ಕೇಳ್ತಿದ್ರು. ನಂಗೆ ಪುರುಸೊತ್ತಿಲ್ಲ. ಇಲ್ಲಿ ಟೇಬಲ್ ನಂಬರ್ ಹಾಕಿ ಒಂದು ಒತ್ತಿ, ಮುಗೀತು."

ಗಲ್ಲಾದ ಮುಂದೆ ಒಂದು ಪುಟ್ಟ ತೆರೆ. ಅದರಲ್ಲಿ ಮೂರು ಮುಖ: ನಗುವ ಹಸಿರು, ನಗದ ಹಳದಿ, ಸಿಡುಕಿದ ಕೆಂಪು. ಮೇಷ್ಟ್ರು ನಾಲ್ಕು ಹಾಕಿದರು. ಯಜಮಾನನ ಎದೆಗೇ ತಿವಿಯುವವರಂತೆ ಕೆಂಪು ಮುಖಕ್ಕೆ ಬೆರಳು ಒತ್ತಿದರು. ತಿವಿದ ಮೇಲೆ ಎದೆ ಹಗುರವಾಯಿತು.

ಚಿಕ್ಕ ಯಜಮಾನ ತನ್ನ ಕಡೆಯ ತೆರೆ ನೋಡಿಕೊಂಡ. "ಈ ವಾರಕ್ಕೆ ಇವಳ ಮೂರು ಕೆಂಪು ತುಂಬ್ತು," ಎಂದು ಗೊಣಗಿ, ಒಳಗೆ ಕೇಳುವಂತೆ ಕೂಗಿದ: "ಎರಡನೇ ನಂಬರ್! ಏಪ್ರನ್ ಬಿಚ್ಚಿಟ್ಟು ಹೊರಡಮ್ಮ. ನಾಳೆಯಿಂದ ಬರೋದು ಬೇಡ."

ಮೇಷ್ಟ್ರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಏನ್ರೀ ಇದು? ನಾನು ಒತ್ತಿದ್ದು ಅವಳ ಮೇಲಲ್ಲ! ನಿಮ್ಮ ಹೋಟ್ಲ ಮೇಲೆ!"

"ಹೋಟ್ಲಿಗೆ ಅಂತ ಬಟನ್ ಇಲ್ಲ ಮೇಷ್ಟ್ರೇ."

"ಹಾಗಾದ್ರೆ ಅದನ್ನ ಅಳಿಸಿ. ಒಬ್ಬಳು ಹನ್ನೊಂದು ಟೇಬಲ್ಲು ನೋಡಿ ಪಾರ್ಸೆಲ್ಲೂ ಕಟ್ಟೋಕೆ ಅವಳಿಗೇನು ಹತ್ತು ಕೈಯಿದೆಯಾ? ಜನ ಇಡದೇ ಇದ್ದದ್ದು ನೀವು!"

"ಇದನ್ನ ಒತ್ತೋಕೆ ಮುಂಚೆ ಹೇಳ್ಬೇಕಿತ್ತು." ಚಿಕ್ಕ ಯಜಮಾನನಿಗೆ ಸಿಟ್ಟೇನೂ ಬರಲಿಲ್ಲ. ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಅಂದಹಾಗೆ, ಬೇರೆಯವರು ಸಿಗೋ ತನಕ ನೀವೇ ನಾಲ್ಕು ದಿನ ಬಂದು ಸುಧಾರಿಸ್ತೀರಾ? ನಿಮ್ಮಂಥ ಕೈ ಈಗೆಲ್ಲಿ ಸಿಗುತ್ತೆ ಹೇಳಿ."

ಆ ಮಾತು ಕೇಳಿ ಮೇಷ್ಟ್ರ ಬೆನ್ನು ತಾನಾಗಿ ನೆಟ್ಟಗಾಯಿತು. ಬರೀ ಒಂದು ಉಸಿರಿನಷ್ಟು ಹೊತ್ತು. ಆದರೆ ನೆಟ್ಟಗಾದದ್ದು ನಿಜ, ಅದು ಅವರಿಗೇ ಗೊತ್ತಾಯಿತು.  ತಟ್ಟನೆ ತಿರುಗಿ ಟೇಬಲ್ಲಿನ ಕಡೆ ನಡೆದರು.

ನಾಲ್ಕನೇ ಟೇಬಲ್ಲಿನಲ್ಲಿ ಅವರ ಕುರ್ಚಿಯ ಮೇಲೆ ಆ ಹೆಂಗಸು ಕೂತಿದ್ದಳು. ಬಿಚ್ಚಿದ ಏಪ್ರನ್ ತೊಡೆಯ ಮೇಲಿತ್ತು, ಬಿಲ್ಲೆ ಅದಕ್ಕೇ ಸಿಕ್ಕಿಕೊಂಡಿತ್ತು. ಹೆಂಡತಿ ಅರ್ಧ ಉಳಿದಿದ್ದ ಸೂಪಿನ ಬಟ್ಟಲನ್ನು ಅವಳ ಮುಂದೆ ಸರಿಸಿದ್ದಳು. ಮೇಷ್ಟ್ರನ್ನು ಕಂಡದ್ದೇ ಹೆಂಗಸು ಗಡಬಡಿಸಿ ಏಳಹೋದಳು.

"ಮೇಷ್ಟ್ರೇ, ನಿಮ್ಮ ಜಾಗ... ಅಕ್ಕನೇ ಒತ್ತಾಯ ಮಾಡಿದ್ರು. ಯಾರೋ ಕೆಂಪು ಒತ್ತಿಬಿಟ್ರಂತೆ. ಯಾರು ಅಂತ ನಾನೂ ಕೇಳೋಕೆ ಹೋಗ್ಲಿಲ್ಲ, ಎಲ್ಲರೂ ಹಸಿದೇ ಕೂತಿದ್ರಲ್ಲ."

ಮೇಷ್ಟ್ರು ಬಾಯಿ ತೆರೆದರು. ಹೆಂಡತಿ ಅವರ ಕಡೆ ನೋಡಲೇ ಇಲ್ಲ. ಹೆಂಗಸಿನ ಭುಜದ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದಳು.

"ಕೂತ್ಕೊಳ್ಳಮ್ಮ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ ನಿಂಗೆ. ಅವರಿಗೆ ನಿಂತು ಅಭ್ಯಾಸ ಇದೆ."

ಹೆಂಗಸು ಎರಡೂ ಕೈಯಲ್ಲಿ ಬಟ್ಟಲು ಎತ್ತಿಕೊಂಡಳು. ಎಂದೋ ಆರಿ ಹೋಗಿದ್ದ ಸೂಪನ್ನು, ಯಾರಾದರೂ ಕರೆಯುವುದರೊಳಗೆ ಮುಗಿಸಬೇಕೆನ್ನುವವಳಂತೆ, ಊದಿ ಊದಿ ಕುಡಿಯತೊಡಗಿದಳು.